ಅನ್ನ ಬಿಡುವ ಮೊದಲು ಸಾರಿನ ಪಾತ್ರೆ ನೋಡಿ

ಜಿಮ್ಮಿಗೆ ಹೆಸರು ಬರೆಸಿದ ವಾರದಲ್ಲೇ ನಮ್ಮ ಹುಡುಗ ಹುಡುಗಿಯರು ಮನೆಯ ಊಟವನ್ನು ತಲೆಕೆಳಗು ಮಾಡಿಬಿಡುತ್ತಾರೆ. ಮೊದಲು ರಾತ್ರಿಯ ಅನ್ನ ಹೋಗುತ್ತದೆ. ಆಮೇಲೆ ಬೆಳಗಿನ ತಿಂಡಿ ಹೋಗಿ ಅದರ ಜಾಗಕ್ಕೆ ಹದಿನಾರು ಗಂಟೆಯ ಉಪವಾಸ ಬರುತ್ತದೆ. ತಿಂಗಳು ತುಂಬುವಷ್ಟರಲ್ಲಿ ಅಡುಗೆಮನೆಯಲ್ಲಿ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ಕೂತಿರುತ್ತದೆ. ಬೇಗ ಗಟ್ಟಿಮುಟ್ಟಾಗಬೇಕೆಂಬ ನಿಜವಾದ ಆಸೆಯಿಂದಲೇ ಇದೆಲ್ಲ ನಡೆಯುತ್ತದೆ. ಆ ಆಸೆ ದೊಡ್ಡದು, ಅದಕ್ಕೆ ಬೆಂಬಲ ಸಿಗಬೇಕು. ಆದರೆ ಭಾರ ಎತ್ತುವುದನ್ನು ಈಗಷ್ಟೇ ಕಲಿಯುತ್ತಿರುವವರು ಊಟ ಕಡಿಮೆ ಮಾಡಿದರೆ ತಾವು ಹಾಕಿದ ಶ್ರಮವನ್ನು ತಾವೇ ಕಳೆದುಕೊಳ್ಳುತ್ತಾರೆ. ಮೊದಲ ಆರು ತಿಂಗಳು ಅವರು ಇರುವ ಊಟವನ್ನೇ ಹೊಟ್ಟೆ ತುಂಬ ಉಣ್ಣಲಿ, ಅದರೊಳಗೆ ಕಾಳುಬೇಳೆ, ಹಾಲು, ಮೊಟ್ಟೆಯ ಪಾಲು ಹೆಚ್ಚಿಸಿಕೊಳ್ಳಲಿ. ನನ್ನ ವಾದ ಇಷ್ಟೇ. ಇದಕ್ಕೆ ಆಧಾರಗಳೂ ಇವೆ, ಎದುರಾಗುವ ಪ್ರಶ್ನೆಗಳೂ ಇವೆ.

ಮೊದಲು, ಹೊಸಬರಿಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಸ್ಕ್ವಾಟ್‌ಗೆ ಬಳಸುವ ದೊಡ್ಡ ಖಾಲಿ ರಾಡಿನ ತೂಕವೇ 20 ಕೆ.ಜಿ. ಮೊದಲ ದಿನ ಅದನ್ನು ಹೆಗಲ ಮೇಲಿಟ್ಟುಕೊಂಡು ಕುಳಿತೇಳುವಾಗ ಕಾಲು ನಡುಗುತ್ತದೆ, ಮಂಡಿ ಒಳಕ್ಕೆ ಬಾಗುತ್ತದೆ, ಉಸಿರು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದೇ ತಿಳಿಯುವುದಿಲ್ಲ. ಐದಾರು ವಾರ ತಪ್ಪದೆ ಮಾಡಿದರೆ ಅದೇ ರಾಡಿಗೆ ಎರಡೂ ಕಡೆ ಪ್ಲೇಟು ಬಿದ್ದಿರುತ್ತದೆ, ನಡುಕ ಹೋಗಿರುತ್ತದೆ. ಆದರೆ ತೊಡೆಯ ಸುತ್ತಳತೆ ಹೆಚ್ಚು ಬದಲಾಗಿರುವುದಿಲ್ಲ. ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು 1979ರಲ್ಲೇ ಇದರ ಗುಟ್ಟು ತೋರಿಸಿದ್ದರು. ಮೊದಲ ಕೆಲವು ವಾರಗಳ ಹೆಚ್ಚಳದಲ್ಲಿ ನರಮಂಡಲದ ಪಾಲೇ ದೊಡ್ಡದು. ಇರುವ ಸ್ನಾಯುವನ್ನೇ ಒಟ್ಟಾಗಿ, ಸರಿಯಾದ ಹೊತ್ತಿಗೆ ದುಡಿಸುವುದನ್ನು ಮೈ ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ನಿಧಾನವಾಗಿ ಅದರ ಹಿಂದೆ ಬರುತ್ತದೆ. ಹೊಸಬರ ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ. ಈ ವಾರಗಳಲ್ಲಿ ಯಾರು ಏನು ತಿಂದರೂ, ಬಿಟ್ಟರೂ ರಾಡಿನ ಭಾರ ಏರುತ್ತಲೇ ಇರುತ್ತದೆ. ಅನ್ನ ಬಿಟ್ಟು ಕೊಬ್ಬು ಹೆಚ್ಚಿಸುವ ಕೀಟೊ ಡಯಟ್ ಮಾಡಿದವರು ಕೀಟೊದಿಂದ ಎನ್ನುತ್ತಾರೆ, ಪುಡಿ ಕುಡಿದವರು ಪುಡಿಯಿಂದ ಎನ್ನುತ್ತಾರೆ, ಉಪವಾಸ ಮಾಡಿದವರು ಉಪವಾಸಕ್ಕೆ ಕೈಮುಗಿಯುತ್ತಾರೆ. ಅಭ್ಯಾಸ ಕೊಟ್ಟ ಫಲದ ಕೀರ್ತಿ ಡಯಟ್‌ಗೆ ಹೋಗುತ್ತದೆ. ಎರಡು ಮೂರು ತಿಂಗಳಾದ ಮೇಲೆ ಸ್ನಾಯು ಬೆಳೆಯಲೇಬೇಕಾದ ಘಟ್ಟ ಬಂದಾಗ ಏರಿಕೆ ನಿಲ್ಲುತ್ತದೆ. ಆಗ ಊಟವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಬೇಕಾಗಿದ್ದದ್ದು ಅದರ ತದ್ವಿರುದ್ಧ.

ಊಟ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮರ್ಫಿ ಮತ್ತು ಕೋಹ್ಲರ್ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಸುಮಾರು 500 ಕ್ಯಾಲೊರಿ ಕೊರತೆಯಿದ್ದರೆ ಭಾರ ಎತ್ತುವವರಲ್ಲಿ ಸ್ನಾಯುವಿನ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಎತ್ತುವ ಶಕ್ತಿ ಮಾತ್ರ ಅಷ್ಟಾಗಿ ಕುಂದುವುದಿಲ್ಲ. ಬೆಳಗಿನ ತಿಂಡಿಯನ್ನು ಪೂರ್ತಿ ಬಿಟ್ಟು, ಅದನ್ನು ಬೇರೆ ಹೊತ್ತಿನಲ್ಲಿ ತುಂಬಿಕೊಳ್ಳದಿದ್ದರೆ ಅಷ್ಟರ ಹತ್ತಿರದ ಕೊರತೆ ಬೀಳಬಹುದು. ಅನ್ನ, ಮುದ್ದೆ, ರೊಟ್ಟಿಯನ್ನು ಶತ್ರುವೆಂದು ನೋಡುವುದರಲ್ಲಿ ಇನ್ನೊಂದು ಮೋಸವೂ ಇದೆ. ಪಿಷ್ಟದ ಆಹಾರ ಮೈಯಲ್ಲಿ ಗ್ಲೈಕೊಜೆನ್ ಆಗಿ ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಶೇಖರವಾಗುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಬಿಟ್ಟ ವಾರದಲ್ಲಿ ತೂಕದ ಯಂತ್ರ ಒಂದೂವರೆ ಎರಡು ಕೆ.ಜಿ. ಇಳಿದದ್ದು ತೋರಿಸಿದರೆ ಅದರಲ್ಲಿ ಬಹುಪಾಲು ಈ ನೀರು. ಕೊಬ್ಬು ಕರಗಿತೆಂದು ಸಂತೋಷಪಟ್ಟವರು ಮೂರನೆಯ ಸೆಟ್ಟಿನ ಅರ್ಧದಲ್ಲಿ ಕೈಸೋತಾಗ ತಮ್ಮ ಮನೋಬಲವನ್ನು ಬೈದುಕೊಳ್ಳುತ್ತಾರೆ. ಸೋತದ್ದು ಮನೋಬಲವಾಗಿರಬೇಕಿಲ್ಲ, ದುಡಿಯುವ ಸ್ನಾಯುವಿಗೆ ಸೌದೆ ಸಾಲದೆ ಹೋಗಿರಬಹುದು. ಮೈಸೂರಿನ ಗರಡಿಗಳಲ್ಲಿ ಸಾಮು ಶುರು ಮಾಡಿದ ಹುಡುಗನಿಗೆ ಹಾಲು, ಬಾದಾಮಿ, ತುಪ್ಪ ಹೆಚ್ಚಿಸುತ್ತಿದ್ದರೇ ಹೊರತು ಅನ್ನ ಕಿತ್ತುಕೊಳ್ಳುತ್ತಿರಲಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಸಂಜೆ ಒಂದು ಗಂಟೆ ಜಿಮ್ಮಿಗೆ ಹೋಗುವವರಿಗೆ ಪೈಲ್ವಾನರ ತುಪ್ಪದ ಲೆಕ್ಕ ಒಪ್ಪುವುದಿಲ್ಲ, ನಿಜ. ಆದರೆ ದುಡಿಮೆ ಹೆಚ್ಚಿದಾಗ ಊಟ ಕುಗ್ಗಬಾರದೆಂಬ ಗರಡಿಯ ತಿಳಿವಳಿಕೆ ಸರಿಯಾದದ್ದೇ.

ಇನ್ನು ಪ್ರೋಟೀನ್. ನಮ್ಮ ಊಟದ ನಿಜವಾದ ಕೊರತೆ ಇಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಭಾರ ಎತ್ತದ ಆರೋಗ್ಯವಂತ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಿಗದಿ ಮಾಡಿರುವ ಪ್ರಮಾಣ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರ ವಿಷಯದಲ್ಲಿ ಎಲ್ಲರೂ ನೆಚ್ಚುವುದು 2018ರಲ್ಲಿ ಮಾರ್ಟನ್ ಮತ್ತು ಸಂಗಡಿಗರು ಮಾಡಿದ ಸಮೀಕ್ಷೆಯನ್ನು. 49 ಅಧ್ಯಯನ, 1,863 ಮಂದಿಯ ಮಾಹಿತಿ ಜೋಡಿಸಿ ನೋಡಿದಾಗ ಪ್ರೋಟೀನ್ ಹೆಚ್ಚಿಸಿದ್ದರ ಲಾಭ ಸುಮಾರು 1.6 ಗ್ರಾಂವರೆಗೆ ಕಂಡಿತು, ಅದರಾಚೆಗೆ ಸ್ನಾಯುವಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹಾಗಾದರೆ 60 ಕೆ.ಜಿ.ಯ ಒಬ್ಬರಿಗೆ 50 ಗ್ರಾಂನಿಂದ 96 ಗ್ರಾಂವರೆಗಿನ ಅಂತರ. ನಮ್ಮ ಸಾಮಾನ್ಯ ದಿನವೊಂದನ್ನು ಲೆಕ್ಕ ಹಾಕೋಣ. ಬೆಳಿಗ್ಗೆ ಮೂರು ಇಡ್ಲಿಯಲ್ಲಿ ಆರು ಗ್ರಾಂ. ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನದಲ್ಲಿ ಸುಮಾರು ಹನ್ನೆರಡು, ಒಂದು ಬಟ್ಟಲು ಮೊಸರಲ್ಲಿ ನಾಲ್ಕು. ರಾತ್ರಿ 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಏಳು. ಎರಡು ಲೋಟ ಕಾಫಿಯ ಹಾಲಲ್ಲಿ ಮೂರು. ಉಳಿದದ್ದು ಸಾರು. ನಾಲ್ಕು ಜನಕ್ಕೆ 100 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರ ಪಾಲಿಗೆ ಒಂದು ಹೊತ್ತಿಗೆ ಬರುವುದು ಐದೂವರೆ ಗ್ರಾಂ. ಅದೂ ಸೌಟನ್ನು ತಳಕ್ಕಿಳಿಸಿ ಕಲಕಿ ಬಡಿಸಿದರೆ. ಸಾರಿನ ಪಾತ್ರೆಯನ್ನು ಹತ್ತು ನಿಮಿಷ ಹಾಗೇ ಬಿಟ್ಟು ನೋಡಿ: ಮೇಲೆ ಒಗ್ಗರಣೆಯ ಎಣ್ಣೆ, ಕರಿಬೇವು, ಅದರ ಕೆಳಗೆ ಕೆಂಪು ತಿಳಿ, ಬೇಳೆಯೆಲ್ಲ ತಳದಲ್ಲಿ ಮಡ್ಡಿಯಾಗಿ ಕೂತಿರುತ್ತದೆ. ಮೇಲಿನ ತಿಳಿಯನ್ನು ಅನ್ನದ ಮೇಲೆ ಹುಯ್ದುಕೊಂಡವರಿಗೆ ರುಚಿ ಸಿಕ್ಕಿತು, ಬೇಳೆ ಸಿಗಲಿಲ್ಲ. ಒಟ್ಟು ಸೇರಿಸಿದರೂ ದಿನಕ್ಕೆ 40–45 ಗ್ರಾಂ ದಾಟುವುದು ಕಷ್ಟ.

ಈಗ ಇದೇ ಊಟವನ್ನು ಹಾಗೇ ಉಳಿಸಿಕೊಂಡು ಸ್ವಲ್ಪ ತಿದ್ದೋಣ. ಬೇಳೆಯನ್ನು ಎರಡರಷ್ಟು ಮಾಡಿ ಸಾರಿನ ಬದಲು ಗಟ್ಟಿ ಹುಳಿ ಮಾಡಿದರೆ ಎರಡು ಹೊತ್ತಿಗೆ ಹತ್ತು ಹನ್ನೊಂದು ಗ್ರಾಂ ಹೆಚ್ಚು. ಎರಡು ಮೊಟ್ಟೆಯಲ್ಲಿ ಹನ್ನೆರಡು. ಒಂದು ದೊಡ್ಡ ಲೋಟ ಹಾಲಲ್ಲಿ ಆರು. ಒಂದು ಹಿಡಿ ಕಡಲೆಬೀಜದಲ್ಲಿ ಏಳು. ಸಂಜೆ ಕಡಲೆಕಾಳಿನದೋ ಹುರುಳಿಯದೋ ಒಂದು ಬಟ್ಟಲು ಉಸ್ಲಿಯಲ್ಲಿ ಎಂಟು. 85 ಗ್ರಾಂ ಮುಟ್ಟಿತು, ಅಂದರೆ ಕೆ.ಜಿ.ಗೆ 1.4. ಹೊಸಬರಿಗೆ ಇದು ಧಾರಾಳವಾಯಿತು. ಮೊಟ್ಟೆ ತಿನ್ನದವರು ಸೋಯಾ ಚಂಕ್ಸ್ ಹಾಕಿಕೊಳ್ಳಬಹುದು. ಅದರ ತೂಕದ ಅರ್ಧದಷ್ಟು ಪ್ರೋಟೀನೇ. ಸಸ್ಯಾಹಾರಿಗಳಿಗೆ ಸ್ನಾಯು ಬೆಳೆಯುವುದಿಲ್ಲ ಎಂಬ ಮಾತು ಜಿಮ್ಮುಗಳಲ್ಲಿ ಇಂದಿಗೂ ಓಡಾಡುತ್ತಿದೆ. ಬ್ರೆಜಿಲ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿಯೇ ಪರೀಕ್ಷಿಸಿತು. ಹಾಲನ್ನೂ ಮುಟ್ಟದ 19 ಮಂದಿ ಸಸ್ಯಾಹಾರಿ ಯುವಕರು, ಮಾಂಸಾಹಾರಿಗಳಾದ 19 ಯುವಕರು, ಇಬ್ಬರಿಗೂ ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್, 12 ವಾರ ಕಾಲಿನ ವ್ಯಾಯಾಮ. ಕೊನೆಗೆ ಸ್ನಾಯುವಿನಲ್ಲಾಗಲಿ ಶಕ್ತಿಯಲ್ಲಾಗಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಸಸ್ಯಾಹಾರಿಗಳಿಗೆ ಸೋಯಾ ಪ್ರೋಟೀನ್ ಪುಡಿಯನ್ನೂ ಮಾಂಸಾಹಾರಿಗಳಿಗೆ ಹಾಲಿನ ಪ್ರೋಟೀನ್ ಪುಡಿಯನ್ನೂ ಕೊಟ್ಟೇ ಆ ಅಳತೆ ಮುಟ್ಟಿಸಲಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹಾಗಿದ್ದರೂ ಅಳತೆ ಮುಖ್ಯ, ಮೂಲ ಅಷ್ಟು ಮುಖ್ಯವಲ್ಲ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಪುಡಿಯಿಂದ ಲಾಭವೇ ಇಲ್ಲವೆ ಎಂದು ಕೇಳಿದರೆ, ಇದೆ, ಆದರೆ ಚಿಕ್ಕದು. ಮಾರ್ಟನ್ ಸಮೀಕ್ಷೆಯಲ್ಲೇ ಪ್ರೋಟೀನ್ ಹೆಚ್ಚಾಗಿ ತೆಗೆದುಕೊಂಡವರಿಗೆ ಸಿಕ್ಕ ಹೆಚ್ಚುವರಿ ಸರಾಸರಿ ಎಂದರೆ, ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಸುಮಾರು 2.5 ಕೆ.ಜಿ., ಕೊಬ್ಬಿಲ್ಲದ ಮೈತೂಕದಲ್ಲಿ 300 ಗ್ರಾಂ. ಅದೂ ಹಳಬರಿಗೆ ಹೆಚ್ಚು, ಹೊಸಬರಿಗೆ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಇಂಥ ಪುಡಿ ಬೇಡವೆಂದಿತು. ಅದೇ ವರ್ಷ ಕೇರಳದ ಯಕೃತ್ ತಜ್ಞ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷೆಗೆ ಒಡ್ಡಿದರು. ಹೆಚ್ಚುಕಡಿಮೆ ಶೇ 70ರಷ್ಟು ಡಬ್ಬಿಗಳ ಮೇಲೆ ಬರೆದ ಪ್ರೋಟೀನ್ ಲೆಕ್ಕ ಒಳಗಿದ್ದದ್ದಕ್ಕೆ ತಾಳೆಯಾಗಲಿಲ್ಲ. ಕೆಲವದರಲ್ಲಿ ಶಿಲೀಂಧ್ರದ ವಿಷ, ಕೀಟನಾಶಕದ ಅಂಶ ಸಿಕ್ಕವು. ಪುಡಿಯ ಬಗ್ಗೆ ಸಂಸ್ಥೆಯ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ನಿಂತು, 0.83 ಗ್ರಾಂ ಇದ್ದರೆ ಭಾರ ಎತ್ತುವವರಿಗೂ ಸಾಕು ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಅದು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಲೆಕ್ಕವಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆ ಬಂದವರದು. ಹೊಟ್ಟೆ ತುಂಬ ಉಣ್ಣಿ ಎಂದರೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರ ಗತಿಯೇನು? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು, ಅವರು ಸ್ವಲ್ಪ ಕಡಿಮೆ ಉಣ್ಣಲೇಬೇಕು. ಆದರೆ ಏನನ್ನು ಕಡಿಮೆ ಮಾಡಬೇಕು ಎಂಬುದನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಪ್ರಯೋಗ ತೋರಿಸಿದೆ. ಮೈತೂಕ ಹೆಚ್ಚಿದ್ದ 40 ಯುವಕರ ಊಟವನ್ನು ನಾಲ್ಕು ವಾರ ಶೇ 40ರಷ್ಟು ಇಳಿಸಿ, ಕಠಿಣ ವ್ಯಾಯಾಮ ಮಾಡಿಸಿದರು. ಕೆ.ಜಿ.ಗೆ 2.4 ಗ್ರಾಂ ಪ್ರೋಟೀನ್ ಪಡೆದವರು 4.8 ಕೆ.ಜಿ. ಕೊಬ್ಬು ಕಳೆದುಕೊಂಡು 1.2 ಕೆ.ಜಿ. ಸ್ನಾಯು ಕೂಡಿಸಿಕೊಂಡರು. 1.2 ಗ್ರಾಂ ಪಡೆದವರಿಗೆ ಕೊಬ್ಬು 3.5 ಕೆ.ಜಿ. ಇಳಿಯಿತು, ಸ್ನಾಯು ಇದ್ದಲ್ಲೇ ಉಳಿಯಿತು. ಊಟವನ್ನೆಲ್ಲ ಅಳೆದು ಕೊಟ್ಟ, ಮೇಲ್ವಿಚಾರಣೆಯಿದ್ದ ಪ್ರಯೋಗವದು. ಮನೆಯಲ್ಲಿ ಯಾರೂ ಆ ಮಟ್ಟದ ಕಡಿತಕ್ಕೆ ಕೈಹಾಕಬಾರದು. ನಾವು ತೆಗೆದುಕೊಳ್ಳಬೇಕಾದದ್ದು ಅದರ ದಿಕ್ಕನ್ನು. ಎರಡು ಸೌಟು ಅನ್ನವನ್ನು ಒಂದೂವರೆ ಮಾಡಿ, ಕರಿದದ್ದು, ಬೇಕರಿ ತಿನಿಸು, ಕಾಫಿಯ ಸಕ್ಕರೆ ಬಿಟ್ಟು, ಕಾಳುಬೇಳೆಯನ್ನು ಒಂದು ಚೂರೂ ಇಳಿಸದಿರುವುದು.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಜಿಮ್ಮಿಗೆ ಸೇರುವಾಗ ಊಟ ಬಿಡುವವರಲ್ಲಿ ಅವರೂ ಇದ್ದಾರೆ, ಮನೆಯಲ್ಲಿ ಕೊನೆಗೆ ಉಣ್ಣುವವರೂ ಹಲವು ಕಡೆ ಅವರೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು. ಹಿಮೋಗ್ಲೋಬಿನ್ ಒಂಬತ್ತರಲ್ಲಿರುವ ಹುಡುಗಿಗೆ ಎರಡನೆಯ ಸೆಟ್ಟಿಗೇ ಏದುಸಿರು ಬಂದರೆ ಅದಕ್ಕೆ ಕಾರಣ ಅವಳ ಸೋಮಾರಿತನವಲ್ಲ, ರಕ್ತ. ಅಂಥವಳಿಗೆ ಇನ್ನೂ ಎರಡು ಇಡ್ಲಿ ಕಡಿಮೆ ಮಾಡು ಎನ್ನುವುದು ಕ್ರೌರ್ಯ. ಮುಟ್ಟು ತಪ್ಪತೊಡಗಿದರೆ ಮೈಗೆ ಊಟ ಸಾಲುತ್ತಿಲ್ಲ ಎಂಬ ಸೂಚನೆಯಿರಬಹುದು, ವೈದ್ಯರನ್ನು ಕಾಣಬೇಕು. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಅದನ್ನು ಒಂದೆರಡು ಗಂಟೆ ಮುಂದೂಡಿ, ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು. ಇದಕ್ಕೆ ದುಡ್ಡು ಬೇಕಿಲ್ಲ.

ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಉಳಿದ ಆರೋಗ್ಯವಂತರು ಒಂದು ನೋಟ್‌ಬುಕ್ ಇಟ್ಟುಕೊಂಡರೆ ಸಾಕು. ಎಡಪುಟದಲ್ಲಿ ಆ ದಿನ ಎತ್ತಿದ ಭಾರ, ಎಷ್ಟು ಸಲ ಎತ್ತಿದ್ದು. ಬಲಪುಟದಲ್ಲಿ ಉಂಡದ್ದು, ಮಲಗಿದ ಗಂಟೆ. ಊಟದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ನಾಲ್ಕು ವಾರ ಕಾದು ನೋಡಬೇಕು. ಒಟ್ಟಿಗೆ ಐದು ಬದಲಿಸಿದರೆ ಯಾವುದು ಫಲ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವುದೇ ಇಲ್ಲ. ಟ್ರೈನರ್‌ಗಳಲ್ಲಿ ನನ್ನದೊಂದು ಕೋರಿಕೆ: ಹೊಸಬರಿಗೆ ಮೊದಲ ದಿನವೇ ಡಯಟ್ ಚಾರ್ಟ್ ಬರೆದುಕೊಡಬೇಡಿ. ಅವರ ಮನೆಯಲ್ಲಿ ದಿನಾ ಏನು ಅಡುಗೆ, ಎಷ್ಟು ಜನಕ್ಕೆ ಎಷ್ಟು ಬೇಳೆ ಬೇಯುತ್ತದೆ, ಕೊನೆಗೆ ಬಡಿಸಿಕೊಳ್ಳುವವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಚಾರ್ಟನ್ನು ಮುಂದಿನ ತಿಂಗಳು ಅದರ ಮೇಲೆ ಬರೆಯಬಹುದು.