ಗಾಲಿಮನೆಗೆ ಸ್ವಾಗತ, ಕುರಿಹಟ್ಟಿಗೆ ಬೇಲಿ

ಪ್ರವಾಸೋದ್ಯಮದವರ ಬಾಯಲ್ಲಿ ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುತ್ತಿರುವ ಹೆಸರು ಕ್ಯಾರವಾನ್. ಮಲಗುವ ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯ ಇವೆಲ್ಲವನ್ನೂ ಗಾಲಿಗಳ ಮೇಲೆ ಹೊತ್ತು ತಿರುಗುವ ಮನೆ ಇದು. ಸ್ವಂತ ಎಂಜಿನ್ ಇಲ್ಲದೆ ಕಾರಿನ ಹಿಂದೆ ಕಟ್ಟಿಸಿಕೊಂಡು ಸಾಗುವ ಬಗೆಗೆ ಕ್ಯಾಂಪರ್ ಟ್ರೇಲರ್ ಎನ್ನುತ್ತಾರೆ. ಕೇರಳ ಸರ್ಕಾರವು 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ಮನೆಯನ್ನೇ ಜೊತೆಗೆ ಒಯ್ಯುತ್ತ ಊರಿಂದೂರಿಗೆ ಸಾಗುವುದು, ಮಾಗಿಯ ಚಳಿಯಲ್ಲಿ ಬೆಟ್ಟದ ತಪ್ಪಲಲ್ಲಿ ರಾತ್ರಿ ಕಳೆಯುವುದು ಹೊಸ ಕಾಲದ ಸುಖವೆಂದು ಬಣ್ಣಿಸಲಾಗುತ್ತಿದೆ. ಹೀಗೆ ಬರುವವರಿಗೆ ನಿಲ್ಲಲು ಜಾಗ, ನೀರು, ವಿದ್ಯುತ್ತು ಒದಗಿಸಬೇಕು ಎಂಬುದು ಈ ಚಿಂತನೆಯ ತಿರುಳು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜನರಿಗೆ ಇದರಲ್ಲಿ ಹೊಸದೇನಿದೆ? ಮನೆಯನ್ನು ಹೊತ್ತು ಸಾಗುವವರನ್ನು ಈ ಸೀಮೆ ತಲೆಮಾರುಗಳಿಂದ ಕಂಡಿದೆ. ಸುಗ್ಗಿ ಮುಗಿದು ಹೊಲಗದ್ದೆಗಳು ಬರಿದಾದಾಗ ಕುರಿಹಿಂಡುಗಳು ಬಯಲುಸೀಮೆಯ ಎರೆಭೂಮಿಯನ್ನು ಬಿಟ್ಟು ಮಲೆನಾಡಿನ ಅಂಚಿನ ಭತ್ತದ ಗದ್ದೆಗಳತ್ತ ನಡೆಯುತ್ತವೆ. ಮಳೆಗಾಲ ಸಮೀಪಿಸಿ ಕೆಸರಿಗೆ ಕುರಿಗಳ ಗೊರಸು ಕೊಳೆಯುವ ಭಯ ಬಂದಾಗ ಒಣ ನಾಡಿಗೆ ಮರಳುತ್ತವೆ. ಕುದುರೆ, ಕತ್ತೆಗಳ ಬೆನ್ನ ಮೇಲೆ ಪಾತ್ರೆಪಡಗ, ಬಲೆ, ಗೂಟ, ಎಳೆಮರಿಗಳು. ಜೊತೆಗೆ ನಾಯಿಗಳು, ಹೆಂಗಸರು, ಮಕ್ಕಳು. ಇದು ಕುರಿಗಾರರ ಹಟ್ಟಿ. ಇದಕ್ಕೆ ಗಾಲಿಯಿಲ್ಲ, ಸಹಾಯಧನವಿಲ್ಲ, ನೀತಿಯಿಲ್ಲ. ಗಾಲಿಮನೆಗೆ ಜಾಗ ಹುಡುಕುತ್ತಿರುವ ಕಾಲದಲ್ಲಿಯೇ ಹಟ್ಟಿಗೆ ಇದ್ದ ಜಾಗವೂ ಇಲ್ಲವಾಗುತ್ತಿದೆ. ಮಲೆನಾಡಿನ ಪರಿಸರವನ್ನು ಕಾಯುವೆವೆನ್ನುವವರು ಈ ವೈಪರೀತ್ಯವನ್ನು ನೋಡಿಯೂ ಮೌನವಾಗಿರುವುದು ಸರಿಯಲ್ಲ.

ಚಳಿಯೊಡನೆ ಬಾಳುವ ಎರಡು ಬಗೆ

ಹಿಮ ಸುರಿಯುವ ದೇಶಗಳಲ್ಲಿ ಕ್ಯಾಂಪರ್ ಟ್ರೇಲರ್ ಇಟ್ಟುಕೊಂಡವರು ಚಳಿಗಾಲಕ್ಕೆ ಮುನ್ನ ಅದನ್ನು ಸಿದ್ಧಗೊಳಿಸುವ ಕ್ರಮವೇ ಒಂದು ದೊಡ್ಡ ಕೆಲಸ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಕೊಳವೆಯಲ್ಲಿ ನೀರು ಉಳಿದಿದ್ದರೆ ಕೊಳವೆ ಸೀಳುತ್ತದೆ. ಆದ್ದರಿಂದ ತೊಟ್ಟಿ, ಕೊಳವೆ, ನೀರು ಕಾಯಿಸುವ ಯಂತ್ರ ಎಲ್ಲವನ್ನೂ ಬರಿದು ಮಾಡಿ, ಹೆಪ್ಪುಗಟ್ಟದ ದ್ರಾವಣವನ್ನು ಕೊಳವೆಗಳಲ್ಲಿ ಹಾಯಿಸುತ್ತಾರೆ. ಶಕ್ತಿ ಕುಂದಿದ ಬ್ಯಾಟರಿಯೂ ಒಳಗೆ ಹೆಪ್ಪುಗಟ್ಟುವುದರಿಂದ ಅದನ್ನು ಬಿಚ್ಚಿ ಬೆಚ್ಚಗಿನ ಕಡೆ ಇಡುತ್ತಾರೆ. ಚಳಿಯಲ್ಲಿಯೇ ಪ್ರಯಾಣ ಮಾಡಬೇಕೆಂದರೆ ತೊಂದರೆ ಇನ್ನೂ ಹೆಚ್ಚು. ಬ್ಯುಟೇನ್ ಅನಿಲವು ಸೊನ್ನೆ ಡಿಗ್ರಿಯ ಕೆಳಗೆ ಆವಿಯಾಗದ ಕಾರಣ ಪ್ರೊಪೇನ್ ತುಂಬಿಸಬೇಕು. ಬಿಗಿಯಾಗಿ ಮುಚ್ಚಿದರೆ ಉಸಿರಿನ ತೇವ ಗೋಡೆಗೆ ಹನಿಗಟ್ಟುತ್ತದೆ. ಗಾಳಿಗೆ ದಾರಿಯಿಲ್ಲದೆ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಮಲಗಿದವರ ಪ್ರಾಣ ತೆಗೆಯುತ್ತದೆ. ಒಟ್ಟಿನಲ್ಲಿ ಅದು ಇಂಧನ ಸುಟ್ಟು ಚಳಿಯನ್ನು ಹೊರಗಿಡುವ ವಿಧಾನ. ಅದಕ್ಕೆ ಅದರದೇ ಆದ ಜಾಣ್ಮೆಯಿದೆ, ಅದನ್ನು ಹಳಿಯಬೇಕಾಗಿಲ್ಲ.

ಹಾವೇರಿಯ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬೀಳುವುದಿಲ್ಲ. ಆದರೆ ಬಯಲಲ್ಲಿ ಹುಟ್ಟಿದ ಮರಿಗೆ ಚಳಿ ಕೊಲ್ಲಲು ಸೊನ್ನೆ ಡಿಗ್ರಿಯವರೆಗೆ ಇಳಿಯಬೇಕಾಗಿಲ್ಲ. ಮೈ ಇನ್ನೂ ಆರದ ಎಳೆಮರಿಗೆ ಇಬ್ಬನಿ ಮತ್ತು ಗಾಳಿ ಸೇರಿದ 12–15 ಡಿಗ್ರಿಯ ರಾತ್ರಿಯೂ ಮಾರಕವಾಗಬಲ್ಲದು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣುಹಾಲು ಹೊಟ್ಟೆ ಸೇರಿದರೆ ಮಾತ್ರ ಮರಿಯ ಮೈ ಬಿಸಿಯಾಗಿ ಉಳಿಯುತ್ತದೆ, ರೋಗನಿರೋಧಕ ಶಕ್ತಿಯೂ ಬರುತ್ತದೆ. ಹಟ್ಟಿಯ ಚಳಿಗಾಲದ ಸಿದ್ಧತೆಯೆಲ್ಲವೂ ಈ ಕೆಲವು ಗಂಟೆಗಳ ಸುತ್ತ ಹೆಣೆದುಕೊಂಡಿದೆ.

ಹಟ್ಟಿ ಹೂಡುವ ಸ್ಥಳದ ಆಯ್ಕೆಯಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಮೋಡವಿಲ್ಲದ ರಾತ್ರಿ ನೆಲದ ಶಾಖ ಆಕಾಶಕ್ಕೆ ಸೋರಿಹೋಗುತ್ತದೆ. ತಂಪಾದ ಗಾಳಿ ಭಾರವಾಗಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಕುರಿಗಾರರು ಹಳ್ಳದ ತಗ್ಗನ್ನು ಬಿಟ್ಟು ತುಸು ಏರಿನ, ಗಾಳಿಗೆ ಮರೆಯಿರುವ, ಬೆಳಗಿನ ಬಿಸಿಲು ಬೇಗ ಬೀಳುವ ಜಾಗ ಹುಡುಕುವುದು ಇದೇ ಕಾರಣಕ್ಕೆ. ಕುರಿಗಳನ್ನು ಬಲೆಯೊಳಗೆ ಒತ್ತಾಗಿ ಕೂಡಿದರೆ ಒಂದರ ಶಾಖ ಇನ್ನೊಂದಕ್ಕೆ. ಎಳೆಮರಿಗಳಿಗೆ ಪ್ರತ್ಯೇಕ ಗೂಡು. ಹವಾಮಾನಶಾಸ್ತ್ರದ ಪುಸ್ತಕ ಓದದೆಯೇ ಆ ಶಾಸ್ತ್ರವನ್ನು ಪ್ರತಿ ಸಂಜೆ ನೆಲದ ಮೇಲೆ ಪ್ರಯೋಗಿಸುವ ಜನ ಇವರು.

ಉಳಿದ ಅರ್ಧ ಕೆಲಸ ಕಂಬಳಿಯದು. ದಖನಿ ಕುರಿಯ ಒರಟು ಉಣ್ಣೆಯನ್ನು ಹಿಂಜಿ, ನೂತು, ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿದ ಕರಿಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಕೊಪ್ಪೆ ಹಾಕಿಕೊಂಡರೆ ಮಳೆಗೆ ಮರೆಯೂ ಹೌದು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಕಿಡಿ ಬಿದ್ದರೆ ಪ್ಲಾಸ್ಟಿಕ್ ತಾಡಪಾಲಿನಂತೆ ಧಗ್ಗನೆ ಹತ್ತಿಕೊಳ್ಳುವುದಿಲ್ಲ. ಹರಿದು ಹಾಳಾದ ಮೇಲೆ ಮಣ್ಣಿನಲ್ಲಿ ಕರಗುತ್ತದೆ. ಇಂಥ ವಸ್ತುವಿಗೆ ಇಂದು ಬಂದಿರುವ ಗತಿಯೇನು? ಅಗ್ಗದ ಕೃತಕ ನೂಲಿನ ಹೊದಿಕೆಗಳು ಸಂತೆಯನ್ನು ತುಂಬಿವೆ. ಉಣ್ಣೆ ಮಾರಿದರೆ ಕತ್ತರಿಸುವ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಅದನ್ನು ಎಸೆಯಲಾಗುತ್ತಿದೆ. ಬೇಗ ತೂಕ ಏರುವ, ಉಣ್ಣೆಯಿಲ್ಲದ ತಳಿಗಳು ಹಿಂಡುಗಳನ್ನು ಸೇರುತ್ತಿವೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಂಥ ಕಂಬಳಿಯ ಊರುಗಳ ಮಗ್ಗ ಉಳಿಯಬೇಕಾದರೆ ಮೊದಲು ಉಣ್ಣೆಯ ಕುರಿ ಉಳಿಯಬೇಕು. ಕುರಿ ಉಳಿಯಬೇಕಾದರೆ ಅದರ ದಾರಿ ಉಳಿಯಬೇಕು.

ಹೊಲಕ್ಕೆ ಬೇಕು, ಊರಿಗೆ ಬೇಡ

ಸುಗ್ಗಿಯ ನಂತರ ಹೊಲದಲ್ಲಿ ಕುರಿ ತರುಬುವುದು ಈ ಸೀಮೆಯ ರೈತರಿಗೆ ಗೊತ್ತಿರುವ ಪದ್ಧತಿ. ಇದರ ಬೆಲೆಯನ್ನು ಅಂಕಿಗಳಲ್ಲಿಯೂ ಹೇಳಬಹುದು. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟಿದ್ದರೆ ಕುರಿ–ಮೇಕೆ ಗೊಬ್ಬರದಲ್ಲಿ ಶೇ. 3ರಷ್ಟು ಇರುತ್ತದೆ, ರಂಜಕ ಶೇ. 1, ಪೊಟ್ಯಾಷ್ ಶೇ. 2. ಕೊಟ್ಟಿಗೆಯಲ್ಲಿ ವ್ಯರ್ಥವಾಗುವ ಮೂತ್ರ ಇಲ್ಲಿ ನೇರವಾಗಿ ಮಣ್ಣಿಗೆ ಸೇರುತ್ತದೆ. ಸಾಗಾಟದ ವೆಚ್ಚವಿಲ್ಲ; ಗೊಬ್ಬರವೇ ನಾಲ್ಕು ಕಾಲಿನ ಮೇಲೆ ನಡೆದು ಬರುತ್ತದೆ. ಇಷ್ಟನ್ನು ಪಡೆದವರೇ ಮರುದಿನ ಹಿಂಡು ಊರ ಕೆರೆಯ ದಂಡೆಗೆ ಬಂದರೆ ಬಡಿಗೆ ಹಿಡಿದು ನಿಲ್ಲುತ್ತಾರೆ. ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಆರಿಸಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎಬ್ಬಿಸಿ ಓಡಿಸುವುದರ ಪರಿಣಾಮವನ್ನು ಯೋಚಿಸಿದವರು ಕಡಿಮೆ. ಮರಿ ಹಾಕಿದ ಕುರಿಗಳಿರುವ ಹಟ್ಟಿಯನ್ನು ನಸುಕಿನಲ್ಲಿ ಕೀಳಿಸಿದರೆ ಗಿಣ್ಣುಹಾಲು ಕುಡಿಯದ ಮರಿ ಚಳಿಯಲ್ಲಿ ದಾರಿಗೆ ಬೀಳುತ್ತದೆ. ತಾಯಿ ಹಿಂಡಿನೊಡನೆ ಮುಂದೆ ಹೋಗುತ್ತದೆ, ಮರಿ ಹಿಂದೆ ಉಳಿಯುತ್ತದೆ. ಚಳಿಯಿಂದ ಸತ್ತಿತು ಎಂದು ಹೇಳುವ ಮರಿಗಳಲ್ಲಿ ಜಾಗವಿಲ್ಲದೆ ಸತ್ತವು ಎಷ್ಟು ಎಂದು ಎಣಿಸಿದವರು ಯಾರು?

ಜಾಗ ಎಲ್ಲಿ ಹೋಯಿತು ಎಂಬುದು ಗುಟ್ಟೇನಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರಲ್ಲಿಯೇ ಎಲ್ಲ ರಾಜ್ಯಗಳಿಗೆ ಹೇಳಿತು. ಆದರೂ ಗೋಮಾಳಗಳು ಸಾಗುವಳಿಗೆ, ನಿವೇಶನಕ್ಕೆ, ಕಟ್ಟಡಗಳಿಗೆ ಕರಗುತ್ತಲೇ ಬಂದಿವೆ. ಹೊಲಗಳಲ್ಲಿ ಜೋಳದ ಜಾಗವನ್ನು ಗೋವಿನಜೋಳ ಹಿಡಿದಿದೆ. ಬದುಗಳ ಹುಲ್ಲಿಗೆ ಕಳೆನಾಶಕ ಬಿದ್ದಿದೆ. ಹೊಲದಲ್ಲಿಯೂ ಗೋಮಾಳದಲ್ಲಿಯೂ ಮೇವು ಸಿಗದ ಹಿಂಡು ಕಾಡಿನ ಅಂಚಿಗೆ ಬಂದಾಗ ಅದಕ್ಕೆ ಅತಿಕ್ರಮಣಕಾರನ ಪಟ್ಟ ಕಟ್ಟಲಾಗುತ್ತದೆ. 2025ರ ಜುಲೈಯಲ್ಲಿ ರಾಜ್ಯದ ಅರಣ್ಯ ಸಚಿವರು ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯಲು ಅಧಿಕಾರಿಗಳಿಗೆ ಸೂಚಿಸಿದರು.

ಪರಿಸರವಾದಿಗಳ ಆಕ್ಷೇಪಕ್ಕೆ ಉತ್ತರ

ಕುರಿಗಳು ಸಸಿಗಳನ್ನು ತಿನ್ನುತ್ತವೆ, ಬೆಟ್ಟದ ಕಾಡು ಮತ್ತೆ ಚಿಗುರಲು ಬಿಡುವುದಿಲ್ಲ, ಕಾಡುಪ್ರಾಣಿಗಳಿಗೆ ರೋಗ ಹರಡುತ್ತವೆ ಎಂಬುದು ಮಲೆನಾಡಿನ ಪರಿಸರಾಸಕ್ತರ ಆಕ್ಷೇಪ. ಇದು ಸುಳ್ಳಲ್ಲ. ಒಂದೇ ಜಾಗದಲ್ಲಿ ಹೆಚ್ಚು ದಿನ ನಿಂತ ಹಿಂಡು ನೆಲವನ್ನು ಬರಡು ಮಾಡುತ್ತದೆ. ಲಸಿಕೆ ಕಾಣದ ಕುರಿ ರೋಗ ತರುತ್ತದೆ. ಆದರೆ ಹೆಚ್ಚು ದಿನ ಒಂದೇ ಕಡೆ ನಿಲ್ಲದಿರುವುದೇ ಅಲೆಮಾರಿ ಪದ್ಧತಿಯ ಜೀವಾಳ. ಹತ್ತು ದಾರಿಗಳಲ್ಲಿ ಒಂಬತ್ತನ್ನು ಮುಚ್ಚಿದರೆ ಎಲ್ಲ ಹಿಂಡುಗಳೂ ಉಳಿದ ಒಂದರಲ್ಲಿ ಸೇರುತ್ತವೆ. ಆಗ ಆಗುವ ಹಾನಿಗೆ ಕುರಿ ಕಾರಣವೋ ಬೇಲಿ ಕಾರಣವೋ? ಇನ್ನು ರೋಗಕ್ಕೆ ಮದ್ದು ಲಸಿಕೆ, ಬಹಿಷ್ಕಾರವಲ್ಲ.

ಸಾಕುಪ್ರಾಣಿ ಇದ್ದಲ್ಲಿ ವನ್ಯಜೀವಿ ಉಳಿಯದು ಎಂಬ ಸಾರಾಸಗಟು ಮಾತಿಗೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವೇ ಉತ್ತರ. ಅಲ್ಲಿನ ಕೋಟೆಯ 139 ಎಕರೆಯಲ್ಲಿ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ದನಗಳ ಮೇವಿಗಾಗಿ ನೀರುಣಿಸಿ ಬೆಳೆದ ಹಸಿರಿನ ನಡುವೆಯೇ ನವಿಲುಗಳು ಬಾಳಿದವು. ಆ ಕೋಟೆಯೇ 2006ರಲ್ಲಿ ನವಿಲುಧಾಮವಾಯಿತು. ಹುಲ್ಲುಗಾವಲು ಖಾಲಿ ಜಾಗವಲ್ಲ, ಪಾಳುಭೂಮಿಯೂ ಅಲ್ಲ. ಅದು ಮೇಯುವ ಪ್ರಾಣಿಗಳೊಡನೆಯೇ ರೂಪುಗೊಂಡ ಜೀವಜಾಲ.

ಕ್ಯಾರವಾನಿಗೂ ಇದೇ ಕಠಿಣ ಪರೀಕ್ಷೆಯನ್ನು ಒಡ್ಡುವ ಧೈರ್ಯ ಇವರಿಗಿದೆಯೇ? ಗಾಲಿಮನೆಯ ಶೌಚದ ತೊಟ್ಟಿಯನ್ನು ಎಲ್ಲಿ ಬರಿದು ಮಾಡಬೇಕು? ಹಳ್ಳಕ್ಕೋ, ವರದಾ ನದಿಗೋ, ಮದಗ ಮಾಸೂರು ಕೆರೆಗೋ? ಹಟ್ಟಿ ಬಿಟ್ಟುಹೋಗುವುದನ್ನು ಹೊಲ ಬೇಡಿ ಪಡೆಯುತ್ತದೆ. ಗಾಲಿಮನೆ ಬಿಟ್ಟುಹೋಗುವುದನ್ನು ಯಾವ ಊರೂ ಬೇಡುವುದಿಲ್ಲ. ಆದರೂ ಒಬ್ಬರು ಅತಿಥಿ, ಇನ್ನೊಬ್ಬರು ಅತಿಕ್ರಮಣಕಾರ.

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಇಂಥದೇ ಒಂದು ಜಗಳವನ್ನು ಹೇಳಿದ್ದಾರೆ. ಭತ್ತ ಮೇಲೋ ರಾಗಿ ಮೇಲೋ ಎಂಬ ವಾದ ರಾಮನೆದುರು ಬಂದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಕಷ್ಟಕಾಲದಲ್ಲಿ ಸತ್ವ ಉಳಿಸಿಕೊಂಡದ್ದು ರಾಗಿ. ವಸ್ತುವಿನ ಯೋಗ್ಯತೆಯನ್ನು ಅದರ ಹೊಳಪಿನಿಂದಲ್ಲ, ತಾಳಿಕೆಯಿಂದ ಅಳೆಯಬೇಕು ಎಂಬ ನ್ಯಾಯ ಈ ನೆಲದ್ದೇ.

ಆಗಬೇಕಾದ ಕೆಲಸ

ಹೊಸ ಹಕ್ಕುಗಳನ್ನು ಹುಟ್ಟಿಸಬೇಕಾಗಿಲ್ಲ. ಅರಣ್ಯ ಹಕ್ಕುಗಳ ಕಾಯ್ದೆ, 2006 ಅಲೆಮಾರಿ ಹಾಗೂ ಪಶುಪಾಲಕ ಸಮುದಾಯಗಳ ಸಾಂಪ್ರದಾಯಿಕ ಋತುಮಾನದ ಬಳಕೆಯ ಹಕ್ಕನ್ನು ಹೆಸರಿಸಿಯೇ ಮನ್ನಿಸಿದೆ. ವಲಸೆ ಕುರಿಗಾರರ ಕಲ್ಯಾಣ ಹಾಗೂ ದೌರ್ಜನ್ಯದಿಂದ ರಕ್ಷಣೆಗಾಗಿ ರಾಜ್ಯ ಸರ್ಕಾರ 2025ರಲ್ಲಿ ಮಸೂದೆಯನ್ನೂ ತಂದಿತು. ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಆದರೆ ಹಟ್ಟಿಗೆ ಜಾಗ ಸಿಗುವುದು ಜಿನೀವಾದಲ್ಲಿಯೂ ಅಲ್ಲ, ಬೆಂಗಳೂರಿನಲ್ಲಿಯೂ ಅಲ್ಲ. ಹಾನಗಲ್ಲ, ಹಿರೇಕೆರೂರಿನ ಗ್ರಾಮಸಭೆಗಳಲ್ಲಿ.

ಪ್ರತಿ ಗ್ರಾಮ ಪಂಚಾಯತಿಯೂ ಉಳಿದಿರುವ ಗೋಮಾಳವನ್ನು ಅಳೆಸಿ ಗುರುತು ಹಾಕಿಸಲಿ. ಹಿಂಡುಗಳು ಹಾದುಹೋಗುವ ದಾರಿ, ತಂಗುವ ತಾಣ, ನೀರು ಕುಡಿಯುವ ಕೆರೆಗಳನ್ನು ಊರಿನ ಹಿರಿಯರನ್ನೂ ಕುರಿಗಾರರನ್ನೂ ಕೇಳಿ ನಕ್ಷೆಯಲ್ಲಿ ದಾಖಲಿಸಲಿ. ಈ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳಿಗಿಂತ ತಕ್ಕವರಿಲ್ಲ. ಕಾಡಿನ ಯಾವ ಭಾಗವನ್ನು ಯಾವ ತಿಂಗಳು ಮುಚ್ಚಬೇಕು, ಎಷ್ಟು ಹಿಂಡು, ಎಷ್ಟು ದಿನ ಎಂಬುದನ್ನು ಅರಣ್ಯ ಇಲಾಖೆ, ಗ್ರಾಮಸಭೆ, ಕುರಿಗಾರರು ಕೂಡಿ ತೀರ್ಮಾನಿಸಲಿ. ಹಿಂಡು ಹೊರಡುವ ಮುನ್ನ ಲಸಿಕೆ ಆಗಲಿ. ಸರ್ಕಾರಿ ವಸತಿನಿಲಯಗಳಿಗೆ ಕೊಳ್ಳುವ ಹೊದಿಕೆಗಳಲ್ಲಿ ಒಂದು ಪಾಲು ನಾಡಿನ ಕಂಬಳಿಯಾಗಿರಲಿ. ಮರಿ ಹಾಕುತ್ತಿರುವ ಹಟ್ಟಿಯನ್ನು ರಾತ್ರಿ ಎಬ್ಬಿಸಬಾರದೆಂದು ಪ್ರತಿ ಊರೂ ಠರಾವು ಮಾಡಲಿ; ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಇಷ್ಟನ್ನು ಮಾಡಿದ ಊರು ಆಮೇಲೆ ಕ್ಯಾರವಾನಿಗೂ ಜಾಗ ಕೊಡಲಿ, ಯಾರದೂ ಅಡ್ಡಿಯಿಲ್ಲ. ಮಾಡದ ಊರಿಗೆ ಪರವೂರಿನ ಗಾಲಿಮನೆಯನ್ನು ಕರೆದು ಕೂರಿಸುವ ನೈತಿಕ ಹಕ್ಕಿಲ್ಲ.