ಹೆಡರ್ ಕಿತ್ತ ವೀರರಿಗೆ

"ಸಿ ಕೋಡಿನಲ್ಲಿ ಬೇಡದ ಹೆಡರ್ ತೆಗೆದೆ, ಕಂಪೈಲ್ ಆಯ್ತು, ಕೆಲಸ ಮುಗೀತು" ಅಂತ ಬೀಗುವವರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ. ಕಂಪೈಲ್ ಆಗಿದ್ದು ಯಾವ ಸಾಕ್ಷಿ ಸ್ವಾಮಿ? ನೀವು ಕಿತ್ತಿದ್ದನ್ನ ಇನ್ಯಾವುದೋ ಹೆಡರ್ ಹಿಂಬಾಗಿಲಿಂದ ತಂದುಕೊಡ್ತಿರಬಹುದು. ನಾಳೆ ಅದನ್ನೂ ಯಾರಾದ್ರೂ ಕಿತ್ತರೆ ನಿಮ್ಮ ಫೈಲ್ ಮಕಾಡೆ. ಇನ್ನೂ ಅಪಾಯದ್ದು: ಅದರಲ್ಲಿದ್ದ ಮ್ಯಾಕ್ರೋ ಹೋದ್ರೆ ಇಫ್‌ಡೆಫ್ ಒಳಗಿನ ಕೋಡ್ ಸದ್ದಿಲ್ಲದೆ ಮಾಯ. ಎರರ್ ಕೂಡ ಬರಲ್ಲ!

ಹಾಗಂತ ಕಸ ಇರಲಿ ಅಂತಲ್ಲ. ಲಿನಕ್ಸ್ ಕರ್ನಲ್ಲಿನ ಹೆಡರ್ ಗೋಜಲು ಬಿಡಿಸೋಕೆ ಇಂಗೋ ಮೊಲ್ನಾರ್ 2022ರ ಜನವರಿಯಲ್ಲಿ ಮುಂದಿಟ್ಟದ್ದು 2,200ಕ್ಕೂ ಹೆಚ್ಚು ಪ್ಯಾಚ್. ಅದು ಒಂದು ಸಂಜೆಯ ಕೆಲಸ ಅಲ್ಲ. ಮೊದಲು ನೀವು ಬಳಸೋದನ್ನೆಲ್ಲ ನೇರವಾಗಿ ಸೇರಿಸಿ, ಆಮೇಲೆ ಉಳಿದದ್ದನ್ನ ಕೀಳಿ. ಕಳೆ ಕೀಳೋನಿಗೆ ಪೈರು ಯಾವುದು ಅಂತ ಗೊತ್ತಿರಬೇಕು.