ಸೂಟಿ ಬೇರೆ, ಖಾಡಾ ಬೇರೆ

ಕರ್ನಾಟಕ ಸರಕಾರ 2025ರ ನವೆಂಬರಿನಲ್ಲಿ ಒಂದು ಆದೇಶ ಹೊರಡಿಸಿತು. 18ರಿಂದ 52 ವಯಸ್ಸಿನ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ, ಪಗಾರ ಸಹಿತ, ಖಾಸಗಿ ಕಾರಖಾನೆಗಳಲ್ಲೂ. ಅಂದಿನಿಂದ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಚಹಾ ಆರಿದರೂ ಈ ವಾದ ಆರಿಲ್ಲ. ಕಾಮರ್ಸ್ ಓದುವ ಗೆಳೆಯನೊಬ್ಬ, “ಹಿಂಗ ಸೂಟಿ ಕೊಡ್ಕೋತ ಹೋದ್ರ ನಾಳೆ ಹೆಣ್ಣುಮಕ್ಕಳನ್ನ ಕೆಲಸಕ್ಕ ಯಾರು ತಗೋತಾರ?” ಅಂದ. ಹುಡುಗಿಯರು ಸಿಟ್ಟಾದರು. ನಾನು ಸುಮ್ಮನೆ ಕೂತಿದ್ದೆ. ಆಗ ಆಡದ ಮಾತನ್ನು ಈಗ ಬರೆಯುತ್ತಿದ್ದೇನೆ.

ಗೆಳೆಯನ ಪ್ರಶ್ನೆ ಪೂರ್ತಿ ಸುಳ್ಳಲ್ಲ. 1961ರ ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂದು, 12 ವಾರದ ರಜೆ ಮೊದಲೆರಡು ಮಕ್ಕಳಿಗೆ 26 ವಾರವಾಯಿತು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಒಳ್ಳೆಯದೇ. ಆದರೆ ಇ.ಎಸ್.ಐ. ಇಲ್ಲದ ಕಡೆ ಆ 26 ವಾರದ ಪಗಾರ ಪೂರ್ತಿ ಮಾಲಕನ ಕಿಸೆಯಿಂದಲೇ ಹೋಗಬೇಕು. ಹನ್ನೆರಡು ಜನರನ್ನಿಟ್ಟುಕೊಂಡವನು ಹೊಸದಾಗಿ ಮದುವೆಯಾದ ಹುಡುಗಿಯ ಅರ್ಜಿ ಕಂಡಾಗ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಗೆಳೆಯನು ಹೇಳಿದ್ದು ಆ ಲೆಕ್ಕವನ್ನು. ಆದರೆ ಅದರಿಂದ ಅವನು ತೆಗೆದ ತೀರ್ಮಾನ, ರಜೆಯೇ ಬೇಡ ಅನ್ನುವುದು, ತಲೆನೋವು ಬಂತೆಂದು ತಲೆ ತೆಗೆಸಿದ ಹಾಗೆ!

ಯಾರು ಕೊಡಬೇಕು ಅನ್ನುವ ಜಗಳ ಈ ಊರಿಗೆ ಹೊಸದಲ್ಲ. ಮುಂಬಯಿ ಪ್ರಾಂತ್ಯದ ಕೌನ್ಸಿಲ್ಲಿನಲ್ಲಿ 1928ರ ಜುಲೈಯಲ್ಲಿ ಹೆರಿಗೆ ಭತ್ತೆಯ ಮಸೂದೆ ಬಂದಾಗ ಡಾ. ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ಈ ಹೊರೆಯಲ್ಲಿ ದೊಡ್ಡ ಪಾಲು ಸರಕಾರದ್ದೇ ಆಗಬೇಕು ಎಂದು ಒಪ್ಪಿಕೊಂಡೇ, ಹೆಣ್ಣಾಳಿನಿಂದ ಲಾಭ ಪಡೆಯುವ ಮಾಲಕನೂ ಒಂದಿಷ್ಟು ಹೊರಲಿ ಎಂದರು. 1929ರಲ್ಲಿ ಅದು ಕಾನೂನಾಯಿತು. ಆ ಪ್ರಾಂತ್ಯದಲ್ಲಿ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಇದ್ದವಲ್ಲ! ನೂರು ವರ್ಷವಾಗುತ್ತ ಬಂತು, ಆ ದೊಡ್ಡ ಪಾಲು ಇನ್ನೂ ಬರಬೇಕಾಗಿದೆ. 2018ರಲ್ಲಿ ಕೇಂದ್ರದ ಕಾರ್ಮಿಕ ಸಚಿವಾಲಯ 7 ವಾರದ ಪಗಾರವನ್ನು ಮಾಲಕರಿಗೆ ಹಿಂದಕ್ಕೆ ಕೊಡುವ ಪ್ರಸ್ತಾಪ ಎತ್ತಿತ್ತು. ಪ್ರಸ್ತಾಪ ಪ್ರಸ್ತಾಪವಾಗಿಯೇ ಉಳಿಯಿತು.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಅಕ್ಕ ಕೋಥರೂಡಿನಲ್ಲಿ ನಾಲ್ಕು ಮನೆಯ ಮುಸುರೆ-ಬಟ್ಟೆ ಮಾಡುತ್ತಾಳೆ. ಭಾವ ಗೌಂಡಿ. ಇಂಡಿ ಕಡೆಯಿಂದ ಬಂದು ಒಂಬತ್ತು ವರ್ಷವಾಯಿತು. ಈ ಕೆಲಸದಲ್ಲಿ ಮರಾಠಿಯ ಒಂದು ಮಾತು ಚಾಲ್ತಿಯಲ್ಲಿದೆ: ಖಾಡಾ. ಬರದೆ ಇದ್ದ ದಿನ, ಅಂದರೆ ಪಗಾರದಲ್ಲಿ ಕಡಿದುಕೊಳ್ಳುವ ದಿನ. ನಾಲ್ಕು ಮನೆಯ ಕ್ಯಾಲೆಂಡರಿನಲ್ಲೂ ಅಕ್ಕನ ಖಾಡಾಗಳ ಮೇಲೆ ಕೆಂಪು ಗೀಟು. ನಾನು ಹುರುಪಿನಿಂದ ಕರ್ನಾಟಕದ 12 ದಿನದ ಸುದ್ದಿ ಹೇಳಿದರೆ, “ಸೂಟಿ ನೌಕರಿ ಇದ್ದವರಿಗೋ ತಮ್ಮಾ, ನಮ್ದೆಲ್ಲಾ ಖಾಡಾನ” ಅಂದಳು.

ಎರಡನೆಯ ಹೆರಿಗೆಗೆ ಊರಿಗೆ ಹೋಗಿ ಮೂರು ತಿಂಗಳಿಗೆ ಬಂದಾಗ ಮೂರು ಮನೆಗಳು ಬೇರೆಯವರ ಪಾಲಾಗಿದ್ದವು. ಒಬ್ಬ ಬಾಯಿ ಮಾತ್ರ ಬದಲಿ ಹೆಂಗಸಿಗೆ ಮೊದಲೇ ಹೇಳಿಟ್ಟು ಕೆಲಸ ಉಳಿಸಿದ್ದರು. ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ. ಆಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿ ಹಗಲು ಅಕ್ಕ, ರಾತ್ರಿ ಭಾವ. ಅವನ ಹಾಜರಿಯೂ ಅರ್ಧ ಹೋಯಿತು. ಸಾಲ ಮಾಡಿದ್ದು ಔಷಧಕ್ಕಿಂತ ಹೆಚ್ಚು ಆ ತಿಂಗಳ ಅಕ್ಕಿ-ಬಾಡಿಗೆಗೆ. ಹೆರಿಗೆಗಾದರೂ ಪುಸ್ತಕದಲ್ಲಿ ಕಾನೂನಿದೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವವನಿಗೆ ಪಗಾರದ ರಜೆ ಕೊಡಬೇಕೆಂದು ಖಾಸಗಿ ಮಾಲಕನಿಗೆ ಹೇಳುವ ಕಾನೂನು ನಾನು ಹುಡುಕಿದರೂ ಸಿಗಲಿಲ್ಲ.

ನಾನು ಮುಟ್ಟಿನ ರಜೆಯ ವಿರೋಧಿ ಅಲ್ಲ. ಆದರೆ ಹಾಜರಿ ಪುಸ್ತಕ ಇಲ್ಲದಲ್ಲಿ ಯಾವ ರಜೆಯೂ ಒಳಗೆ ಕಾಲಿಡುವುದಿಲ್ಲ. ಅದಕ್ಕೇ ರಜೆ ಮಾಲಕನ ಹೆಸರಿಗಲ್ಲ, ದುಡಿಯುವವರ ಹೆಸರಿಗೆ ಅಂಟಬೇಕು. ಹಣ ಎಲ್ಲರೂ ಹಾಕುವ ಗಂಟಿನಿಂದ ಬರಬೇಕು. ಇದು ಕನಸಿನ ಮಾತಲ್ಲ. ಇ.ಎಸ್.ಐ. ನಡೆಯುವುದು ಹೀಗೆಯೇ: ಮಾಲಕ ಶೇಕಡಾ 3.25, ಕೆಲಸಗಾರ 0.75, ಕಾಯಿಲೆಯಾದರೆ ವರ್ಷಕ್ಕೆ 91 ದಿನದವರೆಗೆ ಶೇಕಡಾ 70 ಪಗಾರ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ 1993ರ ಕಾನೂನು ಕೊಟ್ಟದ್ದು ಪಗಾರವಿಲ್ಲದ 12 ವಾರ ಮಾತ್ರ. ಕ್ಯಾಲಿಫೋರ್ನಿಯಾ ಕೆಲಸಗಾರರ ಪಗಾರದಿಂದ ಚೂರು ಚೂರು ಕೂಡಿಸಿ 2004ರಿಂದ ಪಗಾರದ ಕುಟುಂಬ ರಜೆ ಶುರು ಮಾಡಿತು. ಗಂಡಸರಿಗೂ. ಗಂಡಸೂ ರಜೆ ಹಾಕುವುದಾದರೆ ನಮ್ಮ ಕಾಮರ್ಸ್ ಗೆಳೆಯನ ಲೆಕ್ಕವೇ ಬುಡಮೇಲು.

ಕಟ್ಟಡಗಳ ಮೇಲೆ 1996ರ ಕಾನೂನಿನ ಕಾಲದಿಂದಲೂ ಶೇಕಡಾ 1 ಸೆಸ್ ಎತ್ತುತ್ತಿದ್ದಾರೆ. ಭಾವ ಅದರ ಮಂಡಳಿಯಲ್ಲಿ ಹೆಸರು ಹಚ್ಚಬೇಕಾದರೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಮುಕಾದಮ ಬರೆದುಕೊಡಲು ಒಲ್ಲೆ ಅನ್ನುತ್ತಾನೆ. ಮನೆಗೆಲಸದವರಿಗಾಗಿ ಮಹಾರಾಷ್ಟ್ರ 2008ರಲ್ಲೇ ಮಂಡಳಿಯ ಕಾನೂನು ಮಾಡಿದೆ. ಅಕ್ಕನಿಗೆ ಅದನ್ನು ಹೇಳಿದವರೇ ಇಲ್ಲ, ನಾನೂ ಸೇರಿ. ಬರುವ ರವಿವಾರ ಅವಳ ಫಾರ್ಮು ತುಂಬಲು ಹೋಗುತ್ತೇನೆ. ಗೆಳೆಯನನ್ನೂ ಕರೆದಿದ್ದೇನೆ. ಅವನ ಮರಾಠಿ ಅಕ್ಷರ ನನಗಿಂತ ಚೆನ್ನಾಗಿದೆ.